ಫರ್ ಕೋಟು: ಉದ್ದ ಎಷ್ಟಿರ್ಬೇಕು, ಲೂಸ್ ಎಷ್ಟಿರ್ಬೇಕು

ದಾವಣಗೆರೆಲಿ ಕೂತ್ಕೊಂಡು ಫರ್ ಕೋಟಿನ ಬಗ್ಗೆ ಬರೀತೀನಿ ಅಂದ್ರೆ ನೀವು ನಗ್ತೀರ ಗೊತ್ತು. ಜನವರಿ ಬೆಳಿಗ್ಗೆ ವಾಕಿಂಗ್ ಹೋಗೋರು ಮಂಕಿ ಕ್ಯಾಪ್ ಹಾಕ್ಕೊಂಡ್ರೆ ಅಷ್ಟೇ ನಮ್ಮ ಚಳಿಗಾಲ, ಏಪ್ರಿಲ್ ಬಂತು ಅಂದ್ರೆ ಕಾಟನ್ ಬ್ಲೌಸೂ ಮೈಗೆ ಅಂಟ್ಕೊಳ್ತದೆ. ಆದ್ರೂ ಹೊಲಿಗೆ ಮಾಡೋರ ಹತ್ರ ಈಗೀಗ ಈ ಕೋಟುಗಳು ಬರ್ತಾನೇ ಇವೆ ನೋಡ್ರಿ. ಮಗಳ ಬಾಣಂತನಕ್ಕೆ ಅಂತ ಡಿಸೆಂಬರಲ್ಲಿ ಟೊರಾಂಟೊಗೋ ಚಿಕಾಗೊಗೋ ಹೊರಡೋ ಅಮ್ಮಂದಿರು, ಎಂಎಸ್ ಮಾಡೋಕೆ ಜರ್ಮನಿಗೆ ಹೋಗೋ ಹುಡುಗ್ರು ಹುಡುಗೀರು, ಮನಾಲಿ ಟೂರಿಗೆ ಹೊರಟ ಹೊಸ ಜೋಡಿಗಳು, ಎಲ್ರೂ ಆನ್‌ಲೈನಲ್ಲಿ ಒಂದು ತರಿಸಿ ಆಮೇಲೆ ನಮ್ಮ ಮುಂದೆ ತಂದಿಟ್ಟು "ಇದನ್ನ ಸ್ವಲ್ಪ ಸಣ್ಣ ಮಾಡ್ಕೊಡ್ರಿ" ಅಂತಾರೆ. ಕೋಟು ಒಂದು ಸೈಜ್ ದೊಡ್ಡದಾದ್ರೆ ತೊಂದ್ರೆ ಇಲ್ಲ, ಒಳಗೆ ಸ್ವೆಟರ್ ಹಾಕ್ಬೋದು ಅನ್ನೋ ಲೆಕ್ಕ ಎಲ್ರದ್ದೂ. ಫರ್ ಕೋಟಿಗೆ ಆ ಲೆಕ್ಕ ಅರ್ಧ ಸರಿ, ಅರ್ಧ ತಪ್ಪು.

ಮೊದ್ಲು ಇದು ಬೆಚ್ಚಗೆ ಹೆಂಗೆ ಇಡತ್ತೆ ಅಂತ ತಿಳ್ಕೊಂಡ್ರೆ ಅಳತೆ ವಿಷಯ ತಾನಾಗೇ ಅರ್ಥ ಆಗತ್ತೆ. ಪ್ರಾಣಿ ಫರಲ್ಲಿ ಎರಡು ಥರ ಕೂದಲು ಇರತ್ತೆ, ಮೇಲೆ ಕಾಣೋದು ಉದ್ದದ ಒರಟು ಕೂದಲು, ಅದು ಮಂಜು ನೀರು ಒಳಗೆ ಇಳೀದಂಗೆ ತಡೀತದೆ, ಅದರ ಬುಡದಲ್ಲಿ ಒತ್ತಾಗಿ ಹತ್ತಿ ಥರ ಸಣ್ಣ ಕೂದಲು, ಅದರ ಮಧ್ಯೆ ಗಾಳಿ ಸಿಕ್ಕಾಕ್ಕೊಂಡು ನಿಂತಿರತ್ತೆ. ಅಲ್ಲಾಡದೆ ನಿಂತಿರೋ ಆ ಗಾಳಿನೇ ಮೈ ಶಾಖ ಹೊರಗೆ ಹೋಗದಂಗೆ ಹಿಡಿದಿಡೋದು. ನಮ್ಮ ಚಳ್ಳಕೆರೆ ಕಡೆ ಕುರಿ ಕಾಯೋರು ಕಂಬ್ಳಿನ ಕೊಪ್ಪೆ ಮಾಡಿ ತಲೆ ಮೇಲಿಂದ ಇಳಿಬಿಡ್ತಾರಲ್ಲ, ಅದೂ ಹಿಂಗೇ ಕೆಲಸ ಮಾಡೋದು, ಮೈಗೆ ಬಿಗಿಯಾಗಿ ಸುತ್ತಿದ್ರೆ ಅಷ್ಟು ಬೆಚ್ಚಗಿರಲ್ಲ, ಸಡಿಲ ಬಿಟ್ಟು ಕತ್ತಿನ ಹತ್ರ ಮುಚ್ಚಿದ್ರೇನೇ ಸರಿ.

ಅಂದ್ರೆ ಕೋಟು ಟೈಟ್ ಆದ್ರೆ ಒಳಗಿನ ಸ್ವೆಟರೂ ಕೋಟಿನ ಲೈನಿಂಗೂ ಒತ್ತಿ ಗಾಳಿಗೆ ಜಾಗ ಇಲ್ಲದಂಗೆ ಆಗತ್ತೆ, ಎಷ್ಟು ದುಡ್ಡು ಕೊಟ್ಟು ತಗೊಂಡಿದ್ರೂ ಚಳಿ ಹೊಡೆಯತ್ತೆ. ತೀರಾ ಲೂಸ್ ಆದ್ರೋ, ಒಂದೊಂದು ಹೆಜ್ಜೆಗೂ ಕೆಳಗಿಂದ ತಣ್ಣಗಿನ ಗಾಳಿ ನುಗ್ಗತ್ತೆ, ಬೆಚ್ಚಗಿನ ಗಾಳಿ ಕಾಲರಿಂದ ಹೊರಗೆ ಹೋಗತ್ತೆ. ಹಂಗಾಗಿ ನಮಗೆ ಬೇಕಾಗಿರೋದು ಕತ್ತು, ಮಣಿಕಟ್ಟು ಎರಡೂ ಕಡೆ ಮುಚ್ಚಿಕೊಂಡು, ಎದೆ ಬೆನ್ನಿನ ಹತ್ರ ಜಾಗ ಇರೋ ಕೋಟು. ಈ ವಿಷಯದಲ್ಲಿ ಆರ್ಕ್ಟಿಕ್ ಕಡೆಯ ಇನ್ಯೂಟ್ ಜನಾನ ಮೀರಿಸಿದೋರು ಯಾರೂ ಇಲ್ಲ. ಅವರು ಕ್ಯಾರಿಬೂ ಅನ್ನೋ ಹಿಮಸಾರಂಗದ ಚರ್ಮದಲ್ಲಿ ಎರಡು ಅಂಗಿ ಹೊಲ್ಕೊತಾರೆ, ಒಳಗಿನದರ ಕೂದಲು ಮೈ ಕಡೆಗೆ, ಹೊರಗಿನದರ ಕೂದಲು ಆಚೆ ಕಡೆಗೆ, ಎರಡೂ ಸಡಿಲ. ಸಡಿಲ ಯಾಕೆ ಅಂದ್ರೆ ಬೆವರು ಆರಿ ಹೋಗ್ಬೇಕು, ಆ ಚಳೀಲಿ ಬಟ್ಟೆ ಒದ್ದೆ ಆದ್ರೆ ಅದಕ್ಕಿಂತ ಅಪಾಯ ಇನ್ನೊಂದಿಲ್ಲ. ನಾರ್ವೆಯ ಧ್ರುವ ಯಾತ್ರಿಕ ಅಮುಂಡ್ಸೆನ್ 1903ರಿಂದ 1906ರ ಯಾತ್ರೇಲಿ ಆ ಜನರ ಮಧ್ಯೆ ಇದ್ದು ಈ ಬಟ್ಟೆ ವಿಷಯ ಕಲಿತ್ಕೊಂಡು ಬಂದ, 1911ರ ಡಿಸೆಂಬರ್ 14ಕ್ಕೆ ದಕ್ಷಿಣ ಧ್ರುವ ಮುಟ್ಟಿದಾಗ ಅವನ ತಂಡದ ಹತ್ರ ಅದೇ ಥರದ ಸಡಿಲ ಫರ್ ಬಟ್ಟೆ ಇದ್ವು. ಇನ್ನೊಂದು ಮಾತು, ಯುರೋಪಲ್ಲೂ 19ನೇ ಶತಮಾನದವರೆಗೆ ಫರ್ ಅನ್ನೋದು ಹೆಚ್ಚಾಗಿ ಕೋಟಿನ ಒಳಗಡೆ ಅಸ್ತರಾಗಿ ಹೋಗ್ತಿತ್ತು, ಪೂರ್ತಿ ಹೊರಗಡೆ ಕಾಣೋ ಹಂಗೆ ಹಾಕೋ ಫ್ಯಾಷನ್ನು ಆಮೇಲಿಂದು.

ಈಗ ನಿಮ್ಮ ಕೈಗೆ ಸಿಗೋ ಕೋಟು ಯಾವುದು ಅಂತ ನೋಡೋಣ, ಯಾಕಂದ್ರೆ ಅಳತೆ ಅದರ ಮೇಲೇ ಇರೋದು. ನಮ್ಮ ದೇಶಕ್ಕೆ ಮಿಂಕ್, ನರಿ, ಚಿಂಚಿಲ್ಲಾ ಫರ್ ತರಿಸೋದನ್ನ 2017ರ ಜನವರಿಯಲ್ಲೇ ನಿಷೇಧ ಮಾಡಿದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಹೊಸ ಫರ್ ಬಟ್ಟೆ ಮಾರೋ ಹಂಗೇ ಇಲ್ಲ. ಹಂಗಾಗಿ ನಮ್ಮ ಜನ ಫರ್ ಕೋಟು ಅಂತ ಹಾಕೋದು ನೂರಕ್ಕೆ ನೂರು ಅನ್ನೋ ಹಂಗೆ ನಕಲಿ ಫರ್ರೇ, ಅಕ್ರಿಲಿಕ್ ಇಲ್ಲಾ ಪಾಲಿಯೆಸ್ಟರ್ ಎಳೆ. ನನ್ನ ಕೇಳಿದ್ರೆ ಅದೇ ಒಳ್ಳೇದು, ಪ್ರಾಣಿ ಜೀವ ಹೋಗಲ್ಲ, ನಮ್ಮೂರ ಸೆಖೆಲಿ ಚರ್ಮ ಒಣಗಿ ಬಿರಿಯೋ ತಲೆನೋವೂ ಇಲ್ಲ. ಯಾವುದು ಅಸಲಿ ಯಾವುದು ನಕಲಿ ಅಂತ ಗೊತ್ತಾಗ್ಬೇಕಾದ್ರೆ ಕೂದಲು ಬಿಡಿಸಿ ಬುಡ ನೋಡಿ, ಚರ್ಮ ಕಂಡ್ರೆ ಅಸಲಿ, ಬಟ್ಟೆ ನೇಯ್ಗೆ ಕಂಡ್ರೆ ನಕಲಿ. ಈ ನಕಲಿದ್ರಲ್ಲಿ ಒಂದು ತೊಂದ್ರೆ ಇದೆ, ಚರ್ಮ ಗಾಳಿನ ತಡೀತದೆ, ನೇಯ್ಗೆ ತಡಿಯಲ್ಲ. ಆದ್ರಿಂದ ನಕಲಿ ಫರ್ ತಗೊಳ್ಳೋವಾಗ ಲೈನಿಂಗ್ ತೆಳು ಸ್ಯಾಟಿನ್ ಒಂದೇ ಇದೆಯಾ, ಮಧ್ಯೆ ಏನಾದ್ರೂ ಪದರ ಕೊಟ್ಟಿದಾರಾ ಅಂತ ಕೈಯಲ್ಲಿ ಒತ್ತಿ ನೋಡಿ. ಬರೀ ಸ್ಯಾಟಿನ್ ಆಗಿದ್ರೆ ಅದು ಫೋಟೋಗೆ, ಚಳಿಗಲ್ಲ.

ಇನ್ನು ಅಳತೆ. ಎಸ್, ಎಂ, ಎಲ್ ಅನ್ನೋದನ್ನ ಮರೆತುಬಿಡಿ. ಅಮೆರಿಕದ 8 ಅಂದ್ರೆ ಇಂಗ್ಲೆಂಡಿನ 12, ಒಂದೊಂದು ಕಂಪನಿಗೂ ಒಂದೊಂದು ಎಂ. ಇಂಚು ಕೊಟ್ಟಿರೋ ಚಾರ್ಟ್ ಇದ್ರೆ ಮಾತ್ರ ಮುಂದಕ್ಕೆ ಹೋಗಿ. ಮತ್ತೆ ಅಳತೆ ಕೊಡೋವಾಗ ನೈಟಿ ಮೇಲೋ ಟೀ ಶರ್ಟ್ ಮೇಲೋ ಕೊಡಬ್ಯಾಡ್ರಿ, ಅಲ್ಲಿ ಹೋದ್ಮೇಲೆ ಕೋಟಿನ ಒಳಗೆ ಏನೇನು ಹಾಕ್ತೀರೋ ಅದನ್ನೆಲ್ಲ ಹಾಕ್ಕೊಂಡು ನಿಲ್ಲಿ, ಥರ್ಮಲ್, ಅದರ ಮೇಲೆ ಬ್ಲೌಸು ಸೀರೆನೋ ಚೂಡಿದಾರೋ, ಅದರ ಮೇಲೆ ಸ್ವೆಟರು. ಫ್ಯಾನ್ ಕೆಳಗೆ ನಿಂತ್ರೂ ಬೆವರು ಇಳಿಯತ್ತೆ, ಐದು ನಿಮಿಷ ತಡ್ಕೊಳ್ಳಿ.

ಎಲ್ಲಕ್ಕಿಂತ ಮೊದ್ಲು ಭುಜ. ಕೋಟಲ್ಲಿ ಆಮೇಲೆ ಸರಿ ಮಾಡೋಕೆ ತುಂಬಾ ಕಷ್ಟ ಆಗೋ ಜಾಗ ಅಂದ್ರೆ ಇದೊಂದೇ, ಉದ್ದ ಕಮ್ಮಿ ಮಾಡ್ಬೋದು, ಪಕ್ಕ ಹಿಡೀಬೋದು, ಭುಜ ಬಿಚ್ಚಿದ್ರೆ ತೋಳು ಕಾಲರು ಲೈನಿಂಗು ಎಲ್ಲ ಬಿಚ್ಚಿ ಮತ್ತೆ ಕೂರಿಸ್ಬೇಕು. ಬೆನ್ನ ಕಡೆಯಿಂದ ಒಂದು ಭುಜದ ಮೂಳೆ ತುದಿಯಿಂದ ಇನ್ನೊಂದರ ತುದಿಗೆ ಸ್ವೆಟರ್ ಮೇಲೆ ಟೇಪು ಹಿಡಿದು ಅದಕ್ಕೆ ಅರ್ಧದಿಂದ ಒಂದು ಇಂಚು ಸೇರಿಸಿ, ಅಷ್ಟು ಸಾಕು. ಭುಜ ಅದಕ್ಕಿಂತ ಇಳಿಬಿದ್ರೆ ಫರಿನ ದಪ್ಪಕ್ಕೆ ಆಳು ಗಿಡ್ಡ ಕಾಣ್ತಾರೆ, ಕೋಟಿನ ಭಾರ ತೋಳಿನ ಮೇಲೆ ಬಿದ್ದು ಸಂಜೆ ಹೊತ್ತಿಗೆ ನೋವು ಬರತ್ತೆ. ಭುಜದ ಹೊಲಿಗೆನೇ ಇಲ್ಲದೆ ಕಾಲರಿಂದ ನೇರ ತೋಳು ಇಳಿಯೋ ರ‍್ಯಾಗ್ಲಾನ್ ಕಟಿಂಗ್ ಸಿಕ್ಕಿದ್ರೆ ಬಿಡಬ್ಯಾಡಿ, ಸ್ವೆಟರ್ ದಪ್ಪ ಇದ್ರೂ ತೆಳು ಇದ್ರೂ ಹೊಂದ್ಕೊಳ್ತದೆ.

ಎದೆ ಸುತ್ತಳತೆಗೆ ಮಾಮೂಲಿ ಉಲನ್ ಕೋಟಾದ್ರೆ ಮೈ ಅಳತೆ ಮೇಲೆ ಐದಾರು ಇಂಚು ಜಾಸ್ತಿ ಕೊಡ್ತೀವಿ, ಫರ್ ಕೋಟಿಗೆ ಏಳೆಂಟು ಬೇಕು. ಎದೆ 36 ಇದ್ರೆ ಕೋಟಿನ ಒಳಗಿನ ಸುತ್ತಳತೆ 43-44 ಬರ್ಬೇಕು. ಒಳಗಿನ ಅಂದೆ, ಗಮನಿಸಿ. ಫರ್ ಮೇಲೆ ಟೇಪ್ ಹಿಡಿದ್ರೆ ಕೂದಲಿನ ದಪ್ಪನೂ ಸೇರ್ಕೊಂಡು ಸುಳ್ಳು ಲೆಕ್ಕ ಬರತ್ತೆ, ಕೋಟನ್ನ ಬಿಚ್ಚಿ ಮಲಗಿಸಿ ಲೈನಿಂಗ್ ಕಡೆಯಿಂದ, ಕಂಕುಳ ಮಟ್ಟದಲ್ಲಿ, ಮುಂದಿನ ಒಂದು ಅಂಚಿಂದ ಇನ್ನೊಂದು ಅಂಚಿನವರೆಗೆ ಅಳೀಬೇಕು. ಬಟನ್ ಇಲ್ಲದೆ ಬರೀ ಹುಕ್ ಇರೋ ಕೋಟುಗಳೇ ಜಾಸ್ತಿ, ಮುಂದಿನ ಎರಡು ಅಂಚು ಒಂದರ ಮೇಲೊಂದು ಎಷ್ಟು ಬರತ್ತೆ ಅನ್ನೋದನ್ನ ಕಳೆದು ನೋಡಿ, ಮುಂದೆ ಮೂರ್ನಾಲ್ಕು ಇಂಚು ಮೇಲೆ ಮೇಲೆ ಕೂರದೇ ಇದ್ರೆ ಕೂತಾಗ ಬಾಯಿ ಬಿಡತ್ತೆ. ಅಸಲಿ ಚರ್ಮದ್ದಾದ್ರೆ ಟೈಟ್ ಆದಾಗ ಬಟ್ಟೆ ಥರ ಜಗ್ಗಲ್ಲ, ಕಂಕುಳ ಹತ್ರ ಹೊಲಿಗೆ ಪಕ್ಕದಲ್ಲಿ ಚರ್ಮನೇ ಹರಿಯತ್ತೆ, ಹಳೆ ಕೋಟಾದ್ರೆ ಇನ್ನೂ ಬೇಗ.

ಈಗ ಉದ್ದ. ಜನ ಸೋಲೋದು ಇಲ್ಲೇ. ಕೋಟಿನ ಉದ್ದ ಅಂತ ಬರೆದಿರೋದು ಭುಜದಿಂದ ಅಲ್ಲ, ಹಿಂದೆ ಕಾಲರಿನ ಬುಡದಿಂದ ಕೆಳಗಿನ ಅಂಚಿನವರೆಗೆ, ಬೆನ್ನ ಮಧ್ಯದಲ್ಲಿ ಅಳೆದದ್ದು. ತಲೆ ಬಗ್ಗಿಸಿದಾಗ ಕತ್ತಿನ ಹಿಂದೆ ಒಂದು ಮೂಳೆ ಉಬ್ಬಿ ಸಿಗತ್ತಲ್ಲ, ಅಲ್ಲಿಂದ. ಆ ಮೂಳೆಗೆ ಟೇಪ್ ಹಿಡಿದು ಯಾರ ಕೈಲಾದ್ರೂ ನೆಲದವರೆಗೆ ಇಳಿಸ್ಕೊಳ್ಳಿ. ಐದಡಿ ಎರಡಿಂಚಿನ ಹೆಂಗಸಿಗೆ ಹತ್ರ ಹತ್ರ 53 ಇಂಚು ಬರತ್ತೆ. ಐದಡಿ ಏಳಿಂಚಿನ ವಿದೇಶಿ ಮಾಡೆಲ್‌ಗೆ 57. ಈಗ ಫುಲ್ ಲೆಂಗ್ತ್ ಅಂತ ಮಾರೋ 52 ಇಂಚಿನ ಕೋಟು ಆ ಮಾಡೆಲ್ ಮೈ ಮೇಲೆ ನೆಲದಿಂದ ಐದಿಂಚು ಮೇಲೆ ಚೆಂದ ನಿಂತಿರತ್ತೆ, ನಮ್ಮ ಆಂಟಿ ಹಾಕ್ಕೊಂಡ್ರೆ ಒಂದೇ ಇಂಚು, ಮಂಜು ಕರಗಿದ ಕೆಸರನ್ನ ಮನೆವರೆಗೂ ಗುಡಿಸ್ಕೊಂಡು ಬರತ್ತೆ. ಆ ದೇಶದಲ್ಲಿ ರಸ್ತೆಗೆ ಉಪ್ಪು ಬೇರೆ ಹಾಕಿರ್ತಾರೆ, ಆ ಉಪ್ಪು ನೀರು ಕುಡಿದ ಅಂಚು ಒಣಗಿದ್ಮೇಲೆ ಬೆಳ್ಳಗೆ ಗಟ್ಟಿಯಾಗಿ ಕೂರತ್ತೆ.

ಹಂಗೇ ತ್ರೀ ಕ್ವಾರ್ಟರ್ ಅಂತ ಕರೆಯೋ 34-36 ಇಂಚಿನದು ಅವರಿಗೆ ತೊಡೆವರೆಗೆ ಬಂದ್ರೆ ನಮಗೆ ಮಂಡಿ ಮೇಲೆ ಬರತ್ತೆ, 26-28ರ ಜಾಕೆಟ್ಟು ಸೊಂಟದ ಕೆಳಗೆ ಹಿಂಭಾಗ ಮುಚ್ಚೋ ಅಷ್ಟು. ನನ್ನ ಲೆಕ್ಕದಲ್ಲಿ ಐದಡಿ ಎರಡಿಂಚಿನೋರಿಗೆ ಎಲ್ಲದಕ್ಕೂ ಆಗೋದು 38ರಿಂದ 40, ಮಂಡಿ ಚಿಪ್ಪಿನಿಂದ ಎರಡಿಂಚು ಕೆಳಗೆ. ಮಂಡಿ ಮುಚ್ಚಿರತ್ತೆ, ನಡಿಯೋಕೆ ಮೆಟ್ಟಿಲು ಹತ್ತೋಕೆ ಅಡ್ಡ ಇಲ್ಲ, ಕಾರಲ್ಲಿ ಕೂರೋವಾಗ ಬಾಗಿಲಿಗೆ ಸಿಕ್ಕಲ್ಲ. ಎತ್ತರ ಬೇರೆ ಇದ್ರೆ ನೆಲದ ಅಳತೆಯಿಂದ ಹದಿನೈದು ಕಳೀರಿ, ಬಂದಿದ್ದು ನಿಮ್ಮ ಉದ್ದ, ಒಂದಿಂಚು ಆಚೆ ಈಚೆ. ಕೂದಲು ಉದ್ದ ಇರೋ ಫರ್ ಆದ್ರೆ ಅಂಚಿನಿಂದ ಕೆಳಗೆ ಇನ್ನೊಂದು ಇಂಚು ಇಳಿಬಿದ್ದಿರತ್ತೆ ಅದನ್ನೂ ಲೆಕ್ಕಕ್ಕೆ ಹಿಡೀರಿ.

ಉದ್ದ ಜಾಸ್ತಿ ಆದಷ್ಟೂ ಬೆಚ್ಚಗೆ ಅನ್ನೋದು ನಿಂತಿರೋರಿಗೆ ಮಾತ್ರ ನಿಜ. ಬಸ್‌ಸ್ಟಾಪಲ್ಲಿ ಮೈನಸ್ ಇಪ್ಪತ್ತರಲ್ಲಿ ಕಾಯೋರಿಗೆ ಮೀನಖಂಡದವರೆಗೆ ಬರೋ ಕೋಟು ಬೇಕೇ ಬೇಕು, ಕೆನಡಾದ ವಿನ್ನಿಪೆಗ್ ಥರ ಊರಿಗೆ ಹೋಗೋ ಸ್ಟೂಡೆಂಟ್ಸ್ ಕಂಜೂಸ್ ಮಾಡಬ್ಯಾಡ್ರಿ. ಲಂಡನ್ನಿಗೆ ಅದು ಜಾಸ್ತಿ ಆಯ್ತು, ಅಲ್ಲಿ ಮಳೆನೇ ಮುಖ್ಯ, ಫರ್ರೇ ಬ್ಯಾಡ ಅಂತೀನಿ. ಮಗಳ ಮನೆಲಿ ಇದ್ದು ಕಾರಲ್ಲಿ ಓಡಾಡೋ ಅಮ್ಮನಿಗೆ ಉದ್ದದ್ದು ತಗೊಂಡ್ರೆ ಮನೆ, ಮಾಲ್, ಆಸ್ಪತ್ರೆ ಎಲ್ಲ ಕಡೆ ಹೀಟರ್ ಇರತ್ತೆ, ಒಳಗೆ ಹೋದ ತಕ್ಷಣ ಬಿಚ್ಚಿ ಕೈಯಲ್ಲಿ ಹೊತ್ಕೊಂಡು ತಿರುಗ್ಬೇಕು. ಕೋಟಿನ ಭಾರ ಮೂರು ಕಿಲೋ ಹತ್ರ ಹೋದ್ರೆ ಅರವತ್ತು ದಾಟಿದೋರ ಭುಜಕ್ಕೆ ಅದು ಶಿಕ್ಷೆ, ಅಂಥೋರಿಗೆ 36 ಸಾಕು, ಉಳಿದ ಚಳಿನ ಉಲನ್ ಲೆಗ್ಗಿಂಗ್ಸ್ ನೋಡ್ಕೊಳ್ತದೆ.

ಸೀರೆ ಉಡೋರದ್ದು ಬೇರೆನೇ ಕಥೆ, ಇದನ್ನ ಯಾವ ಸೈಜ್ ಚಾರ್ಟೂ ಹೇಳಲ್ಲ. ಒಬ್ರು ವಿದ್ಯಾನಗರದೋರು, ಮಗಳು ಕಳಿಸಿದ ಕೋಟು ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ರು, ಭುಜ ಸರಿ, ಎದೆ ಸರಿ, ಸೊಂಟದ ಹತ್ರ ಹುಕ್ ಹಾಕೋಕೇ ಬರ್ತಿಲ್ಲ. ನೆರಿಗೆ ಸಿಗಿಸಿದ ಜಾಗದಲ್ಲಿ ಎರಡಿಂಚು ದಪ್ಪ ಬಂದಿದೆ, ಸೆರಗು ಭುಜದಿಂದ ಹಿಂದಕ್ಕೆ ಹೋಗಿ ಬೆನ್ನ ಮೇಲೆ ಗಂಟು ಕಟ್ಕೊಂಡಿದೆ. "ನನ್ಗೇನ್ ಹೊಟ್ಟೆ ಬಂದಿದ್ಯಾ?" ಅಂತ ಅವರಿಗೆ ಬೇಜಾರು. ಹೊಟ್ಟೆ ಅಲ್ಲ ಅಮ್ಮ, ಸೀರೆ. ಸೀರೆ ಮೇಲೆ ಹಾಕೋ ಕೋಟು ಎದೆಯಿಂದ ಕೆಳಗೆ ಅಗಲ ಆಗ್ತಾ ಹೋಗೋ ಎ ಲೈನ್ ಕಟಿಂಗೇ ಆಗ್ಬೇಕು, ಬೆಲ್ಟ್ ಇರೋದು ಬ್ಯಾಡವೇ ಬ್ಯಾಡ. ಸೊಂಟದ ಸುತ್ತಳತೆ ಸೀರೆ ಮೇಲೇ ತಗೊಳ್ಳಿ, ಕೆಳಗಿನ ಅಂಚಿನ ಸುತ್ತಳತೆ ಮಂಡಿ ಕೆಳಗೆ ಬರೋ ಕೋಟಾದ್ರೆ ಕಮ್ಮಿ ಅಂದ್ರೂ 60 ಇಂಚು ಇರ್ಲಿ, ಇಲ್ಲಾಂದ್ರೆ ಹೆಜ್ಜೆ ಹಾಕಿದಾಗ ನೆರಿಗೆ ಎಲ್ಲ ಕಾಲ ಸಂದಿಗೆ ಸೇರ್ಕೊಳ್ತವೆ. ಸೆರಗನ್ನ ಹಿಂದೆ ಇಳಿಬಿಡದೆ ಸೊಂಟಕ್ಕೆ ಸುತ್ತಿ ಸಿಗಿಸ್ಕೊಂಡು ಆಮೇಲೆ ಕೋಟು ಹಾಕೋದು ಉತ್ತಮ. ಸೀರೆ ಅಂಚು ಕೆಳಗೆ ಕಾಣತ್ತೆ, ಕಾಣ್ಲಿ, ಏನಾಯ್ತು, ಆದ್ರೆ ನೆಲದಿಂದ ಎರಡು ಮೂರು ಇಂಚು ಮೇಲೆ ಉಟ್ರೆ ಕೆಸರಿಂದ ಉಳಿಯತ್ತೆ. ಚೂಡಿದಾರ್ ಹಾಕೋರು ಟಾಪಿನ ಉದ್ದ ನೋಡಿ, ಟಾಪು 44 ಕೋಟು 36 ಆದ್ರೆ ಎಂಟಿಂಚು ಕೆಳಗೆ ಜೋಲಾಡ್ತಾ ಇರತ್ತೆ, ಒಂದೋ ಕೋಟು ಉದ್ದ ಮಾಡಿ ಇಲ್ಲಾ ಟಾಪ್ ಗಿಡ್ಡ ಹೊಲಿಸಿ.

ತೋಳಿನ ಉದ್ದನ ಕತ್ತಿನ ಅದೇ ಮೂಳೆಯಿಂದ ಭುಜದ ಮೇಲೆ ಹಾಯಿಸಿ, ಮೊಣಕೈ ಸ್ವಲ್ಪ ಮಡಚಿ, ಮಣಿಕಟ್ಟಿನ ಮೂಳೆವರೆಗೆ ತಗೊಂಡು ಒಂದಿಂಚು ಸೇರಿಸಿ. ಕೈ ಚಾಚಿದಾಗ ತೋಳು ಮೇಲೆ ಹೋಗತ್ತೆ, ಗ್ಲೌಸಿಗೂ ತೋಳಿಗೂ ಮಧ್ಯೆ ಒಂದು ಬೆರಳು ಜಾಗ ಬಿಟ್ರೂ ಅಲ್ಲಿಂದಲೇ ಚಳಿ ಕೊರೆಯೋದು. ಉದ್ದ ಆಯ್ತು ಅಂತ ಫರ್ ತೋಳನ್ನ ಮಡಚೋಕಾಗಲ್ಲ, ಮಡಚಿದ್ರೆ ಕೈ ಮೇಲೆ ಬೆಕ್ಕು ಕೂತಂಗಿರತ್ತೆ.

ಹಾಕ್ಕೊಂಡ್ಮೇಲೆ ಕನ್ನಡಿ ಮುಂದೆ ಸುಮ್ನೆ ನಿಂತು ನೋಡಿದ್ರೆ ಏನೂ ಗೊತ್ತಾಗಲ್ಲ. ಎರಡೂ ಕೈಯಲ್ಲಿ ನಿಮ್ಮನ್ನ ನೀವೇ ತಬ್ಕೊಳ್ಳಿ, ಬೆನ್ನು ಎಳೆದ್ರೆ ಸೈಜ್ ಸಣ್ಣದು. ಅಟ್ಟದ ಮೇಲಿನ ಡಬ್ಬ ತೆಗೆಯೋ ಹಂಗೆ ಕೈ ಎತ್ತಿ, ಇಡೀ ಕೋಟೇ ಎರಡು ಮೂರು ಇಂಚಿಗಿಂತ ಜಾಸ್ತಿ ಮೇಲೆ ಬಂದ್ರೆ ಕಂಕುಳ ಹತ್ರ ಆರ್ಮ್‌ಹೋಲ್ ತುಂಬಾ ಕೆಳಗೆ ಕತ್ತರಿಸಿದಾರೆ ಅಂತ ಅರ್ಥ, ಅದನ್ನ ಯಾವ ಟೈಲರೂ ಸುಲಭಕ್ಕೆ ಸರಿ ಮಾಡೋಕಾಗಲ್ಲ, ವಾಪಸ್ ಕಳಿಸಿ. ಆಮೇಲೆ ಕುರ್ಚಿಲಿ ಕೂತು ಬಗ್ಗಿ ಶೂ ಲೇಸ್ ಕಟ್ಟಿ. ಕೂತಾಗ ಕಾಲರ್ ಗದ್ದಕ್ಕೆ ಬಂದು ಒತ್ತಿದ್ರೆ ಸೊಂಟದ ಹತ್ರ ಟೈಟ್ ಇದೆ ಅಂತ ಲೆಕ್ಕ.

ಮನಾಲಿಗೆ ಹೋಗೋರಿಗೆ ಇಷ್ಟೆಲ್ಲ ಬ್ಯಾಡ. ರೋಹ್ತಾಂಗ್ ರಸ್ತೆ ಪಕ್ಕ ಸಾಲಾಗಿ ನಂಬರ್ ಬರೆದ ಅಂಗಡಿಗಳಲ್ಲಿ ಕೋಟು, ಗಮ್‌ಬೂಟು ಬಾಡಿಗೆಗೆ ಕೊಡ್ತಾರೆ, ಡ್ರೈವರ್ರೇ ತನಗೆ ಗೊತ್ತಿರೋ ಅಂಗಡಿ ಮುಂದೆ ಗಾಡಿ ನಿಲ್ಲಿಸ್ತಾನೆ. ಅಲ್ಲಿ ಚಾರ್ಟೂ ಇಲ್ಲ ಇಂಚೂ ಇಲ್ಲ, ನಿಮ್ಮನ್ನ ಮೇಲಿಂದ ಕೆಳಗೆ ಒಂದ್ಸಲ ನೋಡಿ ಕೋಟು ಎಸೀತಾರೆ. ಉದ್ದದ್ದು ಬಿಟ್ಟು ಮಂಡಿ ಮೇಲೆ ಬರೋದನ್ನೇ ಕೇಳಿ, ಮಂಜಲ್ಲಿ ಜಾರಿ ಬೀಳೋ ಆಟ ಇರೋದ್ರಿಂದ ಉದ್ದದ್ದು ಬೇಗ ಒದ್ದೆ ಆಗತ್ತೆ, ಜಿಪ್ಪು ಪೂರ್ತಿ ಮೇಲಕ್ಕೆ ಬರತ್ತಾ ಅಂತ ಮಾತ್ರ ಅಲ್ಲೇ ನಿಂತು ಎಳೆದು ನೋಡಿ. ಕಾಶ್ಮೀರಕ್ಕೆ ಹೋದ್ರೆ ಅಲ್ಲಿನ ಜನ ಹಾಕೋ ಫೆರನ್ ನೋಡ್ಕೊಂಡು ಬನ್ನಿ, ಮಂಡಿವರೆಗೆ ಇಳಿದಿರೋ ಸಡಿಲ ಅಂಗಿ, ಒಳಗೆ ಕಾಂಗ್ಡಿ ಅನ್ನೋ ಕೆಂಡದ ಕುಡಿಕೆ ಇಟ್ಕೊಳ್ಳೋ ಅಷ್ಟು ಜಾಗ.

ತಗೊಂಡಾಯ್ತು, ಉದ್ದ ಜಾಸ್ತಿ ಆಯ್ತು, ವಾಪಸ್ ಕಳಿಸೋ ಟೈಮೂ ಮುಗೀತು ಅಂದ್ರೆ ನಕಲಿ ಫರನ್ನ ಇಲ್ಲೇ ಗಿಡ್ಡ ಮಾಡಿಸ್ಬೋದು, ಆದ್ರೆ ಮಾಡೋರಿಗೆ ಇದು ಗೊತ್ತಿರ್ಬೇಕು. ಫರ್ ಕಡೆಯಿಂದ ಕತ್ತರಿ ಹಾಕಿದ್ರೆ ಕೂದಲು ಮೊಟಕಾಗಿ ಅಂಚು ಬೋಳಾಗತ್ತೆ, ಹಿಂಭಾಗದಿಂದ ಗುರುತು ಹಾಕಿ ಬ್ಲೇಡಲ್ಲಿ ಬರೀ ಬಟ್ಟೆನ ಮಾತ್ರ ಸೀಳ್ಬೇಕು, ಆಮೇಲೆ ಕೂದಲು ಬಿಡಿಸಿ ಎಳೆದ್ರೆ ಬೇರೆ ಆಗತ್ತೆ. ಅಸಲಿ ಚರ್ಮದೋರೂ ಹಿಂಗೇ ಚಾಕುವಲ್ಲೇ ಸೀಳೋದು. ಹೊಲಿಯೋವಾಗ ಕೂದಲನ್ನ ಒಳಕ್ಕೆ ತಳ್ಳಿ, ಸ್ಟಿಚ್ ದೊಡ್ಡದಿಟ್ಟು ಹೊಲಿದು, ಹೊಲಿಗೇಲಿ ಸಿಕ್ಕಾಕ್ಕೊಂಡ ಕೂದಲನ್ನ ದಪ್ಪ ಸೂಜೀಲಿ ಮೀಟಿ ಮೀಟಿ ಹೊರಗೆ ತೆಗೀಬೇಕು, ಆಗ ಹೊಲಿಗೆ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಲೈನಿಂಗನ್ನ ಫರ್‌ಗಿಂತ ಒಂದಿಂಚು ಗಿಡ್ಡ ಬಿಡ್ಬೇಕು, ಇಲ್ಲಾಂದ್ರೆ ಕೆಳಗೆ ಇಣುಕತ್ತೆ. ಇಸ್ತ್ರಿ ಪೆಟ್ಟಿಗೆನ ಹತ್ರನೂ ತರಬ್ಯಾಡ್ರಿ, ಅಕ್ರಿಲಿಕ್ ಕರಗಿ ಅಂಟಾಗತ್ತೆ. ಕೆಲಸ ಶುರು ಮಾಡೋ ಮುಂಚೆ ಫ್ಯಾನ್ ಆಫ್ ಮಾಡಿ ಮೂಗಿಗೆ ಮಾಸ್ಕ್ ಹಾಕ್ಕೊಳ್ಳಿ, ಪಕ್ಕದಲ್ಲಿ ಯಾರದ್ದಾದ್ರೂ ಮದುವೆ ಬ್ಲೌಸ್ ಇದ್ರೆ ಮೊದ್ಲು ಅದನ್ನ ಬೀರುಗೆ ಸೇರಿಸಿ.